ನಿವಾಳಿಸಿದ ಕಾಯಿ

ಏರ್ಕಾಡಿಗೆ ಹೊರಟ ದಿನ ಬೆಳಗ್ಗೆ ಮಗ ಸ್ನಾನಕ್ಕೆ ಹೋದದ್ದೇ ತಡ, ಅಂಜನಮ್ಮ ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೀದಿಗಿಳಿದಳು. ಮೂಡಲಪಾಳ್ಯದ ಆ ಬೀದಿಯಲ್ಲಿ ಹಾಲಿನವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾರಿಗೆ ಮೂರು ಸುತ್ತು ನಿವಾಳಿಸಿದಳು. ಇನ್ನು ಮೂರು ದಾರಿ ಕೂಡುವಲ್ಲಿ ಒಡೆದುಬಿಟ್ಟರೆ ನೆಂಟರಿಷ್ಟರ, ಬೀದಿಯವರ ಕಣ್ಣೆಲ್ಲ ಅಲ್ಲೇ ಚೂರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಶಶಿಕುಮಾರನ ಚಪ್ಪಲಿ ಸದ್ದು ಕೇಳಿಸಿತು. ಅವತ್ತು ಅವನದು ಕಾಗೆ ಸ್ನಾನ.

ಶಶಿಕುಮಾರ ಕೆಟ್ಟವನೇನಲ್ಲ. ವಿಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟು ಮನೆ ನಡೆಸುವವನು, ತಾಯಿಗೆ ಹೊತ್ತು ಹೊತ್ತಿಗೆ ಮಾತ್ರೆ ತಂದುಕೊಡುವವನು. ಬಾಯಿ ಮಾತ್ರ ಜೋರು. ಈ ಸೆಕೆಂಡ್ ಹ್ಯಾಂಡ್ ಕಾರು ಬಂದ ದಿನ ಅವಳು ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ಅವನು ಅದನ್ನು ಕಿತ್ತು ಚರಂಡಿಗೆ ಎಸೆದು, ಎದುರುಮನೆಯವರೆಲ್ಲ ನೋಡುವಂತೆ, "ಇನ್ನೊಂದ್ಸಲ ಈ ದರಿದ್ರ ಎಲ್ಲಾ ಕಟ್ಟಿದ್ರೆ ನೋಡು" ಎಂದು ಕೂಗಾಡಿದ್ದ. ಮಹಾರಾಯ ಡ್ರೈವಿಂಗ್ ಕಲಿತು ಪಕ್ಕದ ಅತ್ತಿಗುಪ್ಪೆಯವರೆಗೆ ಹೋಗಿಬಂದದ್ದೇ ದೊಡ್ಡ ಸಾಹಸ, ಈಗ ಘಾಟಿ ಹತ್ತಿಸುತ್ತಾನಂತೆ. ಅದಕ್ಕೇ ಅಂಜನಮ್ಮನಿಗೆ ಎದೆ ಡವಗುಟ್ಟಿದ್ದು, ಅದಕ್ಕೇ ಕಾಯಿ.

ಈಗ ಕಾಯಿಯನ್ನು ಏನು ಮಾಡುವುದು? ನಿವಾಳಿಸಿದ್ದನ್ನು ಮನೆಯೊಳಗೆ ಒಯ್ಯುವಂತಿಲ್ಲ, ಸಾರಿಗೆ ತುರಿಯುವಂತಿಲ್ಲ, ದೇವರ ಮುಂದೆ ಒಡೆಯುವಂತೆಯೂ ಇಲ್ಲ. ಬ್ಯಾಗು ಇಡಲೆಂದು ಸೊಸೆ ಚೇತನಾ ಕಾರಿನ ಹಿಂದಿನ ಸೀಟಿನ ಬಾಗಿಲು ತೆರೆದಿಟ್ಟಿದ್ದಳು. ಅಂಜನಮ್ಮ ಹಿಂದುಮುಂದು ನೋಡದೆ ಕಾಯಿಯನ್ನು ಡ್ರೈವರ್ ಸೀಟಿನ ಕೆಳಗೆ ತಳ್ಳಿ, ಅದರ ಹಿಂದೆಯೇ ಹತ್ತಿ ಕೂತಳು.

"ಅಮ್ಮಾ, ಆಗ್ಲೇ ಕೂತ್ಬಿಟ್ಯಾ" ಎಂದು ಶಶಿ ನಕ್ಕ. ಅವಳೂ ನಕ್ಕಳು.

ನೈಸ್ ರೋಡು ಕಳೆದು, ಹೊಸೂರು ಕಳೆದು, ಸೇಲಂ ದಾಟಿ ಏರ್ಕಾಡಿನ ಘಾಟಿ ಹತ್ತಿ ಮುಗಿಯುವವರೆಗೂ ಅವಳು ಹಿಮ್ಮಡಿಯನ್ನು ಕಾಯಿಗೆ ಒತ್ತಿ ಹಿಡಿದಿದ್ದಳು. ಯಾರ್‍ಯಾರದೋ ಕೆಟ್ಟ ಕಣ್ಣನ್ನೆಲ್ಲ ಒಂದು ಕಾಯಿಗೆ ತುಂಬಿ, ಅದನ್ನು ಮಗ ಸೊಸೆ ಮೊಮ್ಮಗಳ ನಡುವೆ ತಾನೇ ತಂದು ಕೂರಿಸಿದ್ದೇನಲ್ಲ ಎಂದು ಅವಳಿಗೆ ಒಳಗೊಳಗೇ ನಡುಕ. ಮೇಲೆ ಹೋದಮೇಲೆ ಎಲ್ಲಾದರೂ ಒಡೆಯೋಣವೆಂದರೆ ಆಗಲಿಲ್ಲ. ಕೆರೆಯ ಹತ್ತಿರ ಜನವೋ ಜನ. ಮಂಜು ಕವಿದ ವ್ಯೂ ಪಾಯಿಂಟಿನಲ್ಲಿ ಶಶಿ ಅವಳ ಕೈ ಬಿಡಲೇ ಇಲ್ಲ, "ಜಾರುತ್ತೆ, ನನ್ನ ಹಿಡ್ಕೋ" ಎಂದ. ಅಷ್ಟು ಅಕ್ಕರೆಯಿಂದ ಹಿಡಿದ ಕೈಯನ್ನು ಬಿಡಿಸಿಕೊಂಡು ಕಾಯಿಯ ಸುದ್ದಿ ಎತ್ತಲು ಅವಳಿಗೆ ಬಾಯಿ ಬರಲಿಲ್ಲ. ಮೆಣಸಿನಕಾಯಿ ಬಜ್ಜಿ ಕೊಡಿಸಿದ. ಅವಳು ಅದನ್ನು ಸೊಸೆಗೆ ದಾಟಿಸಿದಳು.

ಮಧ್ಯಾಹ್ನ ಇಳಿಯಲು ಶುರು ಮಾಡಿದರು. ಒಂದೊಂದು ತಿರುವಿಗೂ ಅಂಜನಮ್ಮ ಮನೆದೇವರನ್ನು ನೆನೆದಳು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರೀ ಮಂಜು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ವಚನಾ ಸಪ್ಪೆ ಮುಖ ಮಾಡಿ, "ಅಜ್ಜಿ, ವಾಂತಿ" ಎಂದಳು. ಅಂಜನಮ್ಮ ಗಾಬರಿಯಲ್ಲಿ ಕವರು ಹುಡುಕುತ್ತಾ ಮಗುವಿನ ಕಡೆಗೆ ತಿರುಗಿದಳು. ಬಾಯಿ ಒರೆಸಿ, ಬೆನ್ನು ಸವರಿ, ಮತ್ತೆ ಕಾಲು ಚಾಚಿದಾಗ ಹಿಮ್ಮಡಿಗೆ ಏನೂ ಸಿಗಲಿಲ್ಲ. ಇನ್ನಷ್ಟು ಚಾಚಿದಳು. ಸೀಟಿನ ಕೆಳಗೆ ಖಾಲಿ.

"ಚೇತನಾ" ಎಂದ ಶಶಿ. "ಬ್ರೇಕ್ ಇಳೀತಾ ಇಲ್ಲ."

ಸದಾ ಕೂಗಾಡುವ ಮಗ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅಂಜನಮ್ಮ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಇಳೀತಾ ಇಲ್ಲ ಅಂದ್ರೆ ಏನ್ರೀ?"

"ಏನೋ ಅಡ್ಡ ಇದೆ. ಒತ್ತಿದ್ರೂ ಹೋಗ್ತಿಲ್ಲ."

ಕಾರು ಇಳಿಜಾರಿನಲ್ಲಿ ಓಟ ಕಿತ್ತಿತು. ಶಶಿ ಗೇರು ಇಳಿಸಿದ, ಎಂಜಿನ್ ಕಿರುಚಿಕೊಂಡಿತು. ಏನು ಅಡ್ಡ ಇದೆಯೆಂದು ಆ ಕಾರಿನಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಆದರೂ ಅವಳ ನಾಲಿಗೆ ಏಳಲಿಲ್ಲ. ಹೇಳಿದರೆ ಏನನ್ನುತ್ತಾನೋ, ಸೊಸೆಯ ಮುಂದೆ ಹೇಗೆ ಉಗಿಯುತ್ತಾನೋ ಎಂಬ ಯೋಚನೆಯೇ ಮೊದಲು ಬಂತು. ಸಾವು ಎದುರಿಗೆ ಬಂದು ನಿಂತಿದ್ದರೂ ಅದೇ ಮೊದಲು ಬಂತು ನೋಡಿ. ಒಂದು ತಿರುವು ಹಾಗೇ ದಾಟಿತು. ಚಕ್ರ ಕಿರ್ರೆಂದಿತು, ಮಗು ಅವಳ ಮಡಿಲಿಗೆ ಬಂದು ಬಿತ್ತು. ಅದರ ಪುಟ್ಟ ಉಗುರು ತೋಳಿಗೆ ನಾಟಿದಾಗಲೇ ಅಂಜನಮ್ಮನಿಗೆ ಬಾಯಿ ಬಂದದ್ದು.

"ಕಾಯಿ ಕಣೋ. ತೆಂಗಿನಕಾಯಿ. ನಾನೇ ಇಟ್ಟಿದ್ದೆ. ನಿನ್ನ ಕಾಲಡಿಗೆ ಬಂದಿದೆ."

ಶಶಿ ತಿರುಗಿ ನೋಡಲಿಲ್ಲ. "ಚೇತನಾ, ಕೈ ಹಾಕು. ಬೇಗ." ಪಕ್ಕದ ಸೀಟಿನಲ್ಲಿದ್ದ ಚೇತನಾ ಬೆಲ್ಟು ಬಿಚ್ಚಿ ಅವನ ಮೊಣಕಾಲಿನ ಕೆಳಗೆ ಬಗ್ಗಿದಳು. ಕೆಳಗಿನ ತಿರುವಿನಿಂದ ಬಸ್ಸೊಂದು ಹಾರನ್ ಹೊಡೆಯುತ್ತಾ ಮೇಲೆ ಬರುತ್ತಿತ್ತು. ಶಶಿ ಹ್ಯಾಂಡ್‌ಬ್ರೇಕ್ ಎಳೆಯುತ್ತಲೇ ಕಾರನ್ನು ಬೆಟ್ಟದ ಗೋಡೆಗೆ ಒರಗಿಸಿದ. ಎಡಗಡೆಯ ಕನ್ನಡಿ ಮುರಿದುಹೋಯಿತು, ಬಾಗಿಲು ಕಲ್ಲಿಗೆ ಉಜ್ಜಿತು. "ಸಿಕ್ತು" ಎಂದಳು ಚೇತನಾ. ಅವನು ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿದ. ಕಾರು ನಿಂತಿತು. ಬಸ್ಸು ಪಕ್ಕದಲ್ಲೇ ಹಾದು ಮೇಲೆ ಹೋಯಿತು.

ಎಲ್ಲರೂ ಬಲಗಡೆಯ ಬಾಗಿಲಿನಿಂದ ಇಳಿದರು. ಶಶಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಚೇತನಾ ಕಾಯಿಯನ್ನು ತಂದು ಅವನ ಕೈಗೆ ಕೊಟ್ಟಳು. ಅವನು ಅದರ ಕುಂಕುಮ ನೋಡಿದ. ಅದು ಯಾವುದಕ್ಕೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅಂಜನಮ್ಮ ಬೈಗುಳಕ್ಕೆ ತಲೆಕೊಟ್ಟು ನಿಂತಳು.

"ಬೆಳಗ್ಗೆಯಿಂದ ಯಾಕಮ್ಮಾ ಹೇಳ್ಲಿಲ್ಲ?"

"ಹೆದರಿಕೆ ಆಯ್ತು ಕಣಪ್ಪಾ."

"ಘಾಟಿಗಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ನಿಂಗೆ."

ಶಶಿ ಮುರಿದ ಕನ್ನಡಿಯ ಕಡೆ ನೋಡಿದ, ಮಗಳ ಕಡೆ ನೋಡಿದ. ಕೊನೆಗೆ ಎದ್ದು ಬಂದು ಕಾಯಿಯನ್ನು ತಾಯಿಯ ಕೈಯಲ್ಲಿಟ್ಟ.

"ಒಡಿ ಅಮ್ಮಾ" ಎಂದ. "ನಾನೇನೂ ಅನ್ನಲ್ಲ."

ಅಂಜನಮ್ಮ ಕಾಯಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ಒಡೆಯುವ ಮುಂಚೆ ಮತ್ತೊಮ್ಮೆ ಮಗನ ಮುಖ ನೋಡಿದಳು.