ರೋಸಾ ಅಜ್ಜಿಯ ಹಲಗೆ

ರೋಸಾ ಅಜ್ಜಿಯನ್ನು ಕನ್ನಡ ಶಾಲೆಗೆ ಕರೆದುಕೊಂಡು ಹೋದವಳು ನಾನು. ಆದರೆ ಕರೆಸು, ಕರೆಸು ಎಂದು ಬೆನ್ನು ಹತ್ತಿದವನು ನನ್ನ ಗಂಡ ಸಂತೋಷಕುಮಾರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೇಳಿದವರಿಗೆಲ್ಲ ಅವನು ಈಗ ಬೇರೆಯೇ ಹೇಳುತ್ತಿದ್ದಾನೆ.

ಅಜ್ಜಿ ಡಬ್ಲಿನ್‌ನಲ್ಲಿ ನಮ್ಮ ಪಕ್ಕದ ಮನೆಯವರು. ವಯಸ್ಸು ಎಂಬತ್ತರ ಮೇಲೆ. ಹುಟ್ಟಿದ್ದು ಪೆಸಿಫಿಕ್ ಸಾಗರದ ನಡುವಿನ ಒಂದು ದ್ವೀಪದಲ್ಲಿ. ಭೂಪಟದಲ್ಲಿ ಅದು ಸಾಸಿವೆಕಾಳಿನಷ್ಟೂ ಇಲ್ಲ. ಅಲ್ಲಿನ ಮನೆಮಾತು ಈಗ ಬಹುಪಾಲು ಅಳಿದುಹೋಗಿದೆ. ನಾನು ಫಾರ್ಮಸಿ ಕೆಲಸ ಮುಗಿಸಿ ಬರುವವರೆಗೆ ನಮ್ಮ ಎಂಟು ವರ್ಷದ ಶಿವಾನಿ ಅವರ ಮನೆಯಲ್ಲೇ ಇರುತ್ತಿದ್ದಳು, ಅಲ್ಲೇ ಉಣ್ಣುತ್ತಿದ್ದಳು. ಡೇಕೇರಿಗೆ ಹಾಕುತ್ತೇನೆ ಎಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು.

ಶನಿವಾರದ ಕನ್ನಡ ಶಾಲೆ ಸಂತೋಷಕುಮಾರನ ಕೂಸು. ಅವನ ಸಂಕಟ ನನಗೆ ಗೊತ್ತಿಲ್ಲದ್ದೇನಲ್ಲ. ಹುಬ್ಬಳ್ಳಿಯಿಂದ ಅತ್ತೆ ದ್ಯಾಮವ್ವ ವಿಡಿಯೊ ಕಾಲ್ ಮಾಡಿದರೆ ಮೊಮ್ಮಗಳು 'ಹಾಯ್ ಅಜ್ಜಿ, ಬೈ ಅಜ್ಜಿ' ಎಂದು ಓಡಿಬಿಡುತ್ತಿದ್ದಳು. ಅತ್ತೆ ಖಾಲಿ ಕುರ್ಚಿಯನ್ನು ನೋಡುತ್ತ ಕೂರುತ್ತಿದ್ದರು. ಫೋನ್ ಇಟ್ಟ ಮೇಲೆ ಇವನು ಗ್ಯಾರೇಜಿಗೆ ಹೋಗಿ ಕಟ್ಟಿಗೆ ಕೊರೆಯುತ್ತ ಕೂರುತ್ತಿದ್ದ.

"ಆ ಅಜ್ಜಿನ್ನ ಒಮ್ಮೆ ಕರ್ಸು ದೀಪಾಲಿ. ಭಾಷಾ ಹೋದ್ರ ಏನಾಗ್ತದ ಅಂತ ಹುಡುಗ್ರು ಕೇಳ್ಲಿ," ಎಂದು ತಿಂಗಳುಗಟ್ಟಲೆ ಜೀವ ತಿಂದ. ಅಜ್ಜಿ ಒಲ್ಲೆ ಒಲ್ಲೆ ಎನ್ನುತ್ತಲೇ, ನನ್ನ ಮುಖ ನೋಡಿ ಒಪ್ಪಿದರು.

ಶನಿವಾರ ಶಾಲೆಯಲ್ಲಿ ಮಕ್ಕಳ ಮುಂದೆ ಕೂತು ಹೇಳಿದರು. ಅವರ ಬಾಲ್ಯದಲ್ಲಿ ಆ ದ್ವೀಪವನ್ನು ಹೊರಗಿನಿಂದ ಬಂದ ನೌಕಾಪಡೆಯ ಅಧಿಕಾರಿಗಳು ಆಳುತ್ತಿದ್ದರಂತೆ. ರಸ್ತೆ ಅವರದು, ಆಸ್ಪತ್ರೆ ಅವರದು, ಶಾಲೆಯೂ ಅವರದು. ಬೆವರು ಸುರಿಸುತ್ತ ಕೂತ ಮಕ್ಕಳು ಹಿಮ ಬೀಳುವ ಪದ್ಯವನ್ನು ಬಾಯಿಪಾಠ ಒಪ್ಪಿಸಬೇಕು. ಮನೆಮಾತು ಆಡಿದ ಮಗುವಿನ ಕೊರಳಿಗೆ ಒಂದು ಮರದ ಹಲಗೆ ಬೀಳುತ್ತಿತ್ತು. ಇನ್ನೊಬ್ಬರು ಆ ಮಾತು ಆಡಿದ್ದನ್ನು ಹಿಡಿದುಕೊಟ್ಟರೆ ಹಲಗೆ ಅವರಿಗೆ ದಾಟುತ್ತಿತ್ತು. ಸಂಜೆ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತದ ಏಟು.

"ಒಂದು ದಿನ ಗಂಟೆ ಹೊಡೆಯುವ ಹೊತ್ತಿಗೆ ಅದು ನನ್ನ ಕೊರಳಲ್ಲಿತ್ತು," ಎಂದರು ಅಜ್ಜಿ, ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಪಕ್ಕದಲ್ಲಿ ನನ್ನ ತಂಗಿ ಕೂತಿದ್ದಳು. ಅವಳ ತೋಳನ್ನು ಜೋರಾಗಿ ಚಿವುಟಿದೆ. ಅವಳು ನಮ್ಮ ಭಾಷೆಯಲ್ಲಿ ಅಮ್ಮಾ ಎಂದು ಚೀರಿದಳು. ಹಲಗೆ ತೆಗೆದು ಅವಳಿಗೆ ಹಾಕಿದೆ. ಆಮೇಲೆ ಸಾಯುವವರೆಗೂ ಅವಳು ನನ್ನ ಜೊತೆ ನಮ್ಮ ಭಾಷೆಯಲ್ಲಿ ಮಾತಾಡಲಿಲ್ಲ."

ಸಂತೋಷಕುಮಾರ ಗಳಗಳನೆ ಅತ್ತು ಅಜ್ಜಿಯ ಕಾಲು ಮುಟ್ಟಿದ. ನಾನು ನಂಬಿದೆ. ಆ ಕಣ್ಣೀರನ್ನೂ ನಂಬದಿದ್ದರೆ ಇನ್ನೇನನ್ನು ನಂಬಬೇಕಿತ್ತು?

ಅದಾದ ಮೇಲೆ ಕೆಲವು ಶನಿವಾರ ನನಗೆ ಡ್ಯೂಟಿ ಬಿತ್ತು. ಬಿಡುವು ಸಿಕ್ಕ ದಿನ ಅಜ್ಜಿಯೂ ಶಾಲೆಗೆ ಬರುತ್ತೇನೆಂದು ಹೊರಟರು. ಮಕ್ಕಳಿಗೆಂದು ತೆಂಗಿನಕಾಯಿಯ ಸಿಹಿ ಮಾಡಿ ಡಬ್ಬಿ ತುಂಬಿಸಿಕೊಂಡಿದ್ದರು.

ಸದಾ ಸಂತೆಯಂತಿರುತ್ತಿದ್ದ ತರಗತಿಯಲ್ಲಿ ಅಂದು ಸದ್ದೇ ಇಲ್ಲ. ಮಕ್ಕಳು ಬಾಯಿ ಬಿಗಿಹಿಡಿದು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ಕಾಯುತ್ತಿದ್ದರು. ಶಿವಾನಿಯ ಕೊರಳಲ್ಲಿ ಕೆಂಪು ದಾರ, ದಾರದಲ್ಲಿ ಹಲಗೆ. ನಯವಾಗಿ ಉಜ್ಜಿ, ಅಂಚು ದುಂಡಗೆ ಮಾಡಿ, ಚೆಂದದ ಅಕ್ಷರದಲ್ಲಿ 'ನಾನು ಇಂಗ್ಲಿಷ್ ಮಾತಾಡಿದೆ' ಎಂದು ಕೊರೆದಿತ್ತು. ನಮ್ಮ ಗ್ಯಾರೇಜಿನ ಕಟ್ಟಿಗೆ. ಮಗಳ ಹುಟ್ಟುಹಬ್ಬಕ್ಕೆ ಏನೋ ಮಾಡುತ್ತಿದ್ದಾನೆಂದು, ಇದನ್ನು ಕೊರೆಯುವಾಗ ನಾನೇ ಚಹಾ ಒಯ್ದು ಕೊಟ್ಟಿದ್ದೆ!

ಸಂತೋಷಕುಮಾರ ನಗುತ್ತ ಬಂದ. "ನೋಡು ದೀಪಾಲಿ, ಒಂದ್ ಶಬ್ದ ಇಂಗ್ಲಿಷ್ ಇಲ್ಲ! ಹೊಡ್ಯೂದು ಬಡ್ಯೂದು ಏನಿಲ್ಲ ಮತ್ತ. ಕಡೀಕ ಯಾರ ಕೊಳ್ಳಾಗ ಉಳೀತದ, ಅವ್ರು ಕ್ಲಾಸು ಕ್ಲೀನ್ ಮಾಡ್ಬೇಕು, ಅಷ್ಟ."

"ಅಜ್ಜಿ ಅದನ್ನ ಯಾಕ ಹೇಳಿದ್ರು ಅಂತ ಒಂಚೂರರ ತಿಳೀತೇನ್ರಿ ನಿಮಗ?"

"ಒಂದ್ ಭಾಷಾನ ಅಳಿಸೂವಷ್ಟು ಪವರ್ ಐತಿ ಅದಕ್ಕ. ಅವ್ರು ಕೆಟ್ಟದ್ದಕ್ಕ ಬಳಸಿದ್ರು, ನಾವು ಒಳ್ಳೇದಕ್ಕ ಬಳಸೂಣು. ತಪ್ಪೇನೈತಿ?"

ಅಜ್ಜಿಗೆ ನಮ್ಮ ಮಾತು ತಿಳಿಯದು. ಹಲಗೆ ಏನೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. "ಶಿವಾನಿ," ಎಂದು ಕರೆದರು.

ಓಡಿಬರಲು ಎದ್ದ ಶಿವಾನಿ ಕೊರಳಿನ ಹಲಗೆಯನ್ನು ಮುಟ್ಟಿಕೊಂಡು ನಿಂತಳು. ಅತ್ತಿತ್ತ ನೋಡಿದಳು. ಪಕ್ಕದಲ್ಲಿದ್ದ ಪುಟ್ಟ ಆರತಿಯ ತೋಳನ್ನು ಚಿವುಟಿದಳು. ಆ ಕೂಸು 'ಸ್ಟಾಪ್ ಇಟ್' ಎಂದು ಅಳತೊಡಗಿತು. ಶಿವಾನಿ ಹಲಗೆ ತೆಗೆದು ಅದರ ಕೊರಳಿಗೆ ಹಾಕಿದಳು. ಆಮೇಲೆ ಓಡಿಬಂದು ಅಜ್ಜಿಯ ಸೊಂಟ ತಬ್ಬಿಕೊಂಡಳು.

"ಇದನ್ನು ಯಾರು ಕಲಿಸಿದರು ನಿನಗೆ?" ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು.

"ನೀವ ಹೇಳಿದ್ರಲ್ಲಾ, ಅಜ್ಜಿ," ಎಂದಳು ಮಗಳು. ಅಷ್ಟು ಸರಾಗದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಏನಂದಳು ಎಂದು ಅಜ್ಜಿ ನನ್ನನ್ನು ಕೇಳಿದರು. ಸಂತೋಷಕುಮಾರನೇ ಮುಂದೆ ಬಂದು ಹೆಮ್ಮೆಯಿಂದ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ತಿಳಿಸಿದ: "ನಿಮ್ಮಿಂದಲೇ ಕಲಿತೆ ಅನ್ನುತ್ತಿದ್ದಾಳೆ."

ಅಜ್ಜಿ ಮಗುವಿನ ಕೈಗಳನ್ನು ಮೆಲ್ಲಗೆ ಬಿಡಿಸಿದರು. ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಆರತಿಯ ಕೊರಳಿನ ಹಲಗೆ ತೆಗೆದು ನನ್ನ ಕೈಗೆ ಕೊಟ್ಟು ಹೊರಗೆ ನಡೆದರು. ಕಾರಿನಲ್ಲಿ ಅವರನ್ನು ಮನೆಗೆ ಕರೆತಂದೆ. ತಮ್ಮ ಮನೆಯ ಬಾಗಿಲಲ್ಲಿ ನಿಂತು, "ಅದು ನನ್ನಲ್ಲೇ ಮುಗಿಯಲಿ ಎಂದು ಹೇಳಿದ್ದೆ, ದೀಪಾಲಿ. ಇನ್ನು ಮಗುವನ್ನು ನನ್ನ ಹತ್ತಿರ ಕಳಿಸಬೇಡ," ಎಂದು ಒಳಗೆ ಹೋದರು.

ಗಂಡ ಮನೆಗೆ ಬಂದಾಗ ಬಾಯಿಗೆ ಬಂದಂತೆ ಬೈದೆ. ಎಂದೂ ಏಕವಚನಕ್ಕೆ ಇಳಿಯದವಳು ಅಂದು ಇಳಿದೆ. ನಿನ್ನ ಮಗಳು ಉಂಡ ಮನೆಗೆ ಎರಡು ಬಗೆದೆ ಎಂದೆ, ಕಾಲು ಮುಟ್ಟಿ ನಂಬಿಸಿ ಕತ್ತು ಕೊಯ್ದೆ ಎಂದೆ. ಅವನು ಫೋನಿನಲ್ಲಿ ಅವ್ವನಿಗೆ ಕಾಲ್ ಹಚ್ಚಿ ಶಿವಾನಿಯ ಮುಂದೆ ಹಿಡಿದ. ಊರಲ್ಲಿ ಆಗ ರಾತ್ರಿ ಊಟದ ಹೊತ್ತು.

ಶಿವಾನಿ ಬಾಯಿ ತೆರೆಯುವ ಮೊದಲು ಕೈಯನ್ನು ಕೊರಳಿಗೆ ಒಯ್ದು ಮುಟ್ಟಿ ನೋಡಿಕೊಂಡಳು. ಆಮೇಲೆ, "ಅಜ್ಜಿ, ಊಟ ಆತೇನ್ರಿ? ನೀವು ನಮ್ಮನಿಗೆ ಯಾವಾಗ ಬರ್ತೀರಿ?" ಎಂದಳು.

ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ಸಂತೋಷಕುಮಾರನೂ ಅಳುತ್ತಿದ್ದ, ಅಂದು ರೋಸಾ ಅಜ್ಜಿಯ ಕಾಲು ಮುಟ್ಟಿ ಅತ್ತ ಹಾಗೆಯೇ. ಇಷ್ಟು ವರ್ಷ ನಾನೂ ಇದೇ ಗಳಿಗೆಗೆ ಕಾದಿದ್ದೆ. ಅದು ಬಂದಾಗ ಅತ್ತೆಯ ಮುಖವನ್ನು ನೋಡಲಾಗದೆ ಗೋಡೆ ನೋಡುತ್ತ ನಿಂತೆ.

"ಯಾರ್ ಕಲ್ಸಿದ್ರು ನನ್ನ ಬಂಗಾರಾ, ಇಷ್ಟ್ ಚಂದ ಮಾತಾಡೂದು?"

"ರೋಸಾ ಅಜ್ಜಿ," ಎಂದಳು ಶಿವಾನಿ.

"ದೀಪಾಲಿ, ಆ ತಾಯಿಗೆ ನನ್ನ ಹೆಸರ್ಲೆ ಒಂದ್ ಇಳಕಲ್ ಸೀರಿ ಉಡಿಸವ್ವ," ಎಂದರು ಅತ್ತೆ.

ಗೋಡೆಯ ಆಚೆಗೇ ಇದ್ದರು ಅಜ್ಜಿ. ಹೋಗಿ ಅವರ ಬಾಗಿಲು ತಟ್ಟುವ ಮುಖ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.