ಶೀಟಿನ ಆ ತುದಿ

“ಬಿಗಿಯಾಗಿ ಹಿಡಿಯೇ, ನಿನ್ನ ಕಡೆ ಜೋಲ್ತಾ ಇದೆ,” ಎಂದಳು ರೇಡಿಯೊ.

ಅವಳು ತಟ್ಟನೆ ಎಚ್ಚೆತ್ತು ಶೀಟಿನ ಎರಡು ಮೂಲೆಗಳನ್ನು ಎಳೆದು ಹಿಡಿದಳು. ಆ ತುದಿಯಲ್ಲಿ ರೇಡಿಯೊ, ಈ ತುದಿಯಲ್ಲಿ ಅವಳು. ಒಮ್ಮೆ ಜಾಡಿಸಿದರು, ಉದ್ದಕ್ಕೆ ಮಡಿಸಿದರು, ಮತ್ತೆ ಜಾಡಿಸಿ ಇನ್ನೊಮ್ಮೆ ಮಡಿಸಿದರು. ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದರು. ರೇಡಿಯೊ ತನ್ನ ಮೂಲೆಗಳನ್ನು ಅವಳ ಕೈಗೆ ಒಪ್ಪಿಸಿ, ಬಗ್ಗಿ ಕೆಳಗಿನ ಮಡಿಕೆಯನ್ನು ಎತ್ತಿಕೊಟ್ಟಳು. ಶೀಟು ಮೇಜಿನ ಮೇಲಿನ ರಾಶಿಗೆ ಸೇರಿತು. ಆಸ್ಪತ್ರೆಯ ನೆಲಮಾಳಿಗೆಯ ಈ ಲಾಂಡ್ರಿಯಲ್ಲಿ ಇಬ್ಬರೂ ಹದಿನೆಂಟು ವರ್ಷದಿಂದ ಒಂದೇ ಮೇಜಿನ ಜೋಡಿ. ಬೇರೆ ಕೆಲಸವಾಗಿದ್ದರೆ ತಲೆ ತಗ್ಗಿಸಿಕೊಂಡು ಮಾಡಿ ಮುಗಿಸಬಹುದಿತ್ತು. ಶೀಟು ಮಡಿಸುವಾಗ ಮಾತ್ರ ಎದುರಿಗಿರುವವರ ಮುಖ ನೋಡದೆ ವಿಧಿಯಿಲ್ಲ. ಈಚೆಗೆ ಅವಳಿಗೆ ಅದೇ ಕಷ್ಟವಾಗಿಬಿಟ್ಟಿತ್ತು.

“ಎಲ್ಲಿದೆಯೇ ಜ್ಞಾನ? ಮದುವೆ ನಿನ್ನ ಮಗಳದ್ದೋ ನಿಂದೋ?”

“ನಿದ್ದೆ ಸರಿಯಾಗಿಲ್ಲ ಅಕ್ಕ.”

“ಹೆಣ್ಣು ಹೆತ್ತವಳಿಗೆ ನಿದ್ದೆ ಎಲ್ಲಿಂದ ಬರಬೇಕು? ನಾನು ನೋಡು, ಹೆತ್ತೂ ಇಲ್ಲ, ಹೊತ್ತೂ ಇಲ್ಲ. ಹಾಸಿಗೆ ಮುಟ್ಟಿದ್ದೇ ತಡ, ಗೊರಕೆ.” ರೇಡಿಯೊ ಗೊರಕೆ ಹೊಡೆದು ತೋರಿಸಿದಳು. ಇಸ್ತ್ರಿ ರೋಲರಿನ ಹತ್ತಿರ ನಿಂತಿದ್ದ ಹುಡುಗಿಯರು ನಕ್ಕರು. ಗಾಜಿನ ಕೋಣೆಯೊಳಗಿನಿಂದ ಸೂಪರ್‌ವೈಸರ್ ಕೂಗಿದ, “ರೇಡಿಯೊ, ಸ್ವಲ್ಪ ವಾಲ್ಯೂಮು!” “ಬಟನ್ ನಿಮ್ಮ ಹತ್ರ ಇಲ್ಲವಲ್ಲ ಸಾರ್!” ಎಂದು ರೇಡಿಯೊ ತಿರುಗಿ ಕೂಗಿದಳು.

ಆ ಹೆಸರು ಇಟ್ಟವರು ಯಾರೋ ನೆನಪಿಲ್ಲ. ಬೆಳಗ್ಗೆ ಏಪ್ರನ್ ಕಟ್ಟಿಕೊಂಡಾಗ ಶುರುವಾದ ಮಾತು ಸಂಜೆ ಅದನ್ನು ಬಿಚ್ಚಿ ಮೊಳೆಗೆ ನೇತುಹಾಕುವವರೆಗೂ ನಿಲ್ಲುತ್ತಿರಲಿಲ್ಲ. ಯಾವ ವಾರ್ಡಿನ ಶೀಟು ಎಂದು ಕಲೆ ನೋಡಿಯೇ ಹೇಳುತ್ತಿದ್ದಳು, ಅದರ ಮೇಲೆ ಮಲಗಿದ್ದವರ ಕಥೆಯನ್ನೂ ಕಟ್ಟುತ್ತಿದ್ದಳು. ನಗುವಂತೂ ಮೆಟ್ಟಿಲು ಹತ್ತಿ ಹೊರರೋಗಿಗಳ ಸಾಲಿನವರೆಗೂ ಹೋಗಿ ಬರುತ್ತಿತ್ತು.

“ನಿಂಗೆ ಚಳಿ ಆಗ್ತಾ ಇಲ್ವಾ? ಸ್ವೆಟರ್ ಎಲ್ಲಿ?” ಎಂದು ಅವಳು ಕೇಳಿದಳು. ವರ್ಷವರ್ಷವೂ ಚಳಿಗಾಲ ಬಂತೆಂದರೆ ರೇಡಿಯೊ ಒಂದೇ ಕೆನೆಬಣ್ಣದ ಸ್ವೆಟರ್ ಹಾಕಿಕೊಂಡು, ತೋಳನ್ನು ಮೊಣಕೈವರೆಗೆ ಸುತ್ತಿ ಕೆಲಸ ಮಾಡುತ್ತಿದ್ದಳು. ಈ ಸಲ ಅದನ್ನು ಕಂಡಿರಲಿಲ್ಲ.

“ರೋಲರಿನ ಶಾಖ ಸಾಲ್ದಾ? ಜೊತೆಗೆ ಈ ವಯಸ್ಸಿನ ಶಾಖ ಬೇರೆ,” ಎಂದು ರೇಡಿಯೊ ಇನ್ನೊಂದು ಶೀಟು ಎಳೆದಳು. ಅವಳ ಮುಂಗೈಯ ರೋಮ ನಿಮಿರಿ ನಿಂತಿತ್ತು.

ಮದುವೆ ಚಳಿಗಾಲದಲ್ಲಿ ಮಾಡಿದರೆ ಮದುವೆಯ ಹಾಲ್ ಅರ್ಧ ಬಾಡಿಗೆಗೆ ಸಿಗುತ್ತದೆ ಎಂದು ಅವಳಿಗೆ ಹೇಳಿದ್ದೇ ರೇಡಿಯೊ. ಹೋದ ವರ್ಷ ಮಾತಿನ ನಡುವೆ ತನ್ನ ತಮ್ಮನ ಮಗನ ಮದುವೆಯ ಸುದ್ದಿ ಹೇಳುತ್ತಾ, “ಯಾರೂ ಕೇಳೋರಿಲ್ಲ ಕಣೇ, ಹೀಟರ್ ಕೆಟ್ಟಿದೆ, ಅದಕ್ಕೇ ಅಗ್ಗ. ಕೋಟು ಹಾಕ್ಕೊಂಡು ಕೂತ್ಕೊಂಡ್ರೆ ಮುಗೀತು,” ಎಂದಿದ್ದಳು. ಮಗಳ ಮಾತುಕತೆ ಮುಗಿದಾಗ ಅವಳಿಗೆ ಮೊದಲು ನೆನಪಾದದ್ದು ಆ ಹಾಲ್. ಬೇಸಿಗೆಯಲ್ಲಾಗಿದ್ದರೆ ಅದರ ಮೆಟ್ಟಿಲು ಹತ್ತುವ ತಾಕತ್ತೂ ಅವರಿಗೆ ಇರಲಿಲ್ಲ. ಮಿಕ್ಕಿದ್ದೂ ಹಾಗೇ ಕೂಡಿಬಂತು. ಮದುವೆಯ ಬಟ್ಟೆ ನಾದಿನಿಯ ಮಗಳದ್ದು, ಸೊಂಟದ ಹತ್ತಿರ ಹಿಡಿದು ಹೊಲಿದರೆ ತನ್ನ ಮಗಳ ಮೈಗೆ ಹೇಳಿ ಮಾಡಿಸಿದ ಹಾಗೆ. ಹೂವಿನ ಬದಲು ಮಗಳೂ ಅವಳ ಗೆಳತಿಯರೂ ಕಾಗದ ಕತ್ತರಿಸಿ ಮಾಲೆ ಮಾಡಿದ್ದರು. ಊಟ ಗಂಡನ ಸ್ನೇಹಿತನ ಕ್ಯಾಂಟೀನಿನಿಂದ ಬರುವುದೆಂದಾಗಿತ್ತು. ಹಾಲ್‌ನ ಮಾಲೀಕ ಆ ಬಾಡಿಗೆಗೆ ಅರವತ್ತು ಕುರ್ಚಿ ಕೊಡುತ್ತೇನೆ, ಅದರ ಮೇಲೆ ಒಂದೂ ಇಲ್ಲ ಎಂದಿದ್ದ.

ಆ ಅರವತ್ತರ ಲೆಕ್ಕ ಹಾಕಲು ಕೂತ ಸಂಜೆ ಮಗಳು ಕೇಳಿದ್ದಳು, “ಅಮ್ಮ, ನಿನ್ನ ಕೆಲಸದ ಕಡೆಯಿಂದ? ರೇಡಿಯೊ ಆಂಟೀನ ಕರೀಲೇಬೇಕಲ್ವಾ?”

“ಒಬ್ಬರನ್ನ ಕರೆದ್ರೆ ಎಲ್ಲರನ್ನೂ ಕರೀಬೇಕಾಗತ್ತೆ. ಅಷ್ಟು ಜನಕ್ಕೆ ಎಲ್ಲಿಂದ ತರೋಣ?” ಎಂದಿದ್ದಳು ಅವಳು.

ಗಂಡ ತಲೆಯಾಡಿಸಿದ. ಮಗಳು ಒಂದು ಕ್ಷಣ ಅವಳ ಮುಖ ನೋಡಿ, ಮುಂದಿನ ಹೆಸರು ಬರೆದುಕೊಂಡಳು. ಖರ್ಚು ಎಂದರೆ ಸಾಕು, ಎಲ್ಲರ ಬಾಯೂ ಮುಚ್ಚುತ್ತದೆ. ಅಂಥ ಒಳ್ಳೆಯ ನೆಪ ಇನ್ನೊಂದಿಲ್ಲ.

ಮಾರನೆಯ ದಿನ ಚಹಾದ ಹೊತ್ತಿನಲ್ಲಿ ಹುಡುಗಿಯರು ಊಟ ಎಲ್ಲಿ, ಯಾವಾಗ ಎಂದು ಪೀಡಿಸಿದರು. ಜಾಗ ಇಲ್ಲ, ಕರೆಯಲು ಆಗುವುದಿಲ್ಲ ಎಂದು ನೇರವಾಗಿ ಹೇಳಿದ್ದರೆ ಅವರೇನು ಅರ್ಥಮಾಡಿಕೊಳ್ಳದವರಲ್ಲ. ಅವಳ ಬಾಯಿಂದ ಬಂದದ್ದು ಬೇರೆ. “ಊಟಗೀಟ ಏನೂ ಇಲ್ರೇ. ನೋಂದಣಿ ಕಚೇರಿಲಿ ಸಹಿ ಹಾಕೋದು, ಮನೆಗೆ ಬರೋದು. ನಾವು ನಾಲ್ಕೇ ಜನ.” ಹುಡುಗಿಯರು ಅಯ್ಯೋ ಎಂದು ಮಾತು ಬದಲಿಸಿದರು. ರೇಡಿಯೊ ಮಾತ್ರ ಲೋಟ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಲಾಂಡ್ರಿ ಅದುವರೆಗೆ ಕಂಡಿರಲಿಲ್ಲ.

“ಇರೋದೊಂದು ಮಗು,” ಎಂದಿದ್ದಳು ಕೊನೆಗೆ, ಇವಳಿಗೊಬ್ಬಳಿಗೇ ಕೇಳುವ ಹಾಗೆ. “ಮೈಮೇಲೆ ಹೊಸದು ಅಂತ ಒಂದಾದ್ರೂ ಬೇಡ್ವೇನೇ?”

ನಿಜವಾದ ಕಾರಣವನ್ನು ಅವಳು ತನಗೆ ತಾನೂ ಬಿಡಿಸಿ ಹೇಳಿಕೊಂಡಿರಲಿಲ್ಲ. ಬೀಗಿತ್ತಿ ಮೊದಲ ಸಲ ಮನೆಗೆ ಬಂದ ದಿನ ಅದು ಶುರುವಾದದ್ದು. ಆಕೆ ನಿವೃತ್ತ ಮೇಷ್ಟ್ರಮ್ಮ; ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವ ಹೆಂಗಸು. “ನೀವು ಆಸ್ಪತ್ರೆಲಿ ಇದೀರಂತೆ. ಯಾವ ವಿಭಾಗ?” ಎಂದು ಕೇಳಿದ್ದಕ್ಕೆ ಅವಳು, “ಒಳರೋಗಿಗಳ ಕಡೆ,” ಎಂದುಬಿಟ್ಟಿದ್ದಳು. ಸುಳ್ಳೇನಲ್ಲ, ಶೀಟುಗಳೆಲ್ಲ ಹೋಗುವುದು ಅಲ್ಲಿಗೇ. ಬೀಗಿತ್ತಿ ಸಂತೋಷದಿಂದ, “ರೋಗಿಗಳ ಸೇವೆ ಅಂದ್ರೆ ಸಾಮಾನ್ಯವೇ? ನಮಗೆ ಇಂಥವರೇ ಬೇಕಿತ್ತು,” ಎಂದು ಅವಳ ಕೈ ಹಿಡಿದುಕೊಂಡಿದ್ದರು. ಸೋಪಿನ ನೀರು, ಬ್ಲೀಚು ಕುಡಿದು ಒರಟಾದ ಆ ಕೈಯನ್ನು ಅವರು ಏನೆಂದುಕೊಂಡರೋ. ಅವರು ಹೋದ ಮೇಲೆ ಮಗಳು, “ಯಾಕಮ್ಮ ಹಾಗಂದೆ?” ಎಂದಾಗ, “ನಾನೇನಂದೆ?” ಎಂದು ರೇಗಿದ್ದಳು.

ರೇಡಿಯೊ ಹಾಲ್‌ಗೆ ಕಾಲಿಟ್ಟರೆ ಆ ಗುಟ್ಟು ಎಷ್ಟು ಹೊತ್ತು ಉಳಿಯುತ್ತದೆ? “ನಾನು ಇವಳ ಜೋಡಿ ಕಣ್ರೀ, ಇಬ್ರೂ ಸೇರಿ ಈ ಊರಿನ ಕೊಳೆಯೆಲ್ಲ ಮಡಿಸಿಟ್ಟಿದ್ದೀವಿ,” ಎಂದು ಬೀಗಿತ್ತಿಯ ಬೆನ್ನು ತಟ್ಟಿ ನಗುತ್ತಾಳೆ. ಆ ನಗು ಹಾಲ್ ತುಂಬ ಕೇಳಿಸುತ್ತದೆ. ಅದನ್ನು ನೆನೆದಾಗಲೆಲ್ಲ ಅವಳ ಮುಖ ಬಿಸಿಯಾಗುತ್ತಿತ್ತು. ಆಮೇಲೆ, ಅದು ಬಿಸಿಯಾದದ್ದಕ್ಕೇ ಇನ್ನಷ್ಟು ಬಿಸಿಯಾಗುತ್ತಿತ್ತು.

ಮಗಳಿಗೆ ಐದು ವರ್ಷವಿದ್ದಾಗ ಜ್ವರ ಬಂದು ವಾರಗಟ್ಟಲೆ ಇಳಿಯಲಿಲ್ಲ. ಅವಳು ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ, ರಜೆ ಕೇಳಿದರೆ ಕೆಲಸವೇ ಹೋಗುತ್ತಿತ್ತು. ಆಗ ರೇಡಿಯೊ ಶೀಟಿನ ಒಂದು ತುದಿಯನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಾನು ಹಿಡಿದು, ಇಬ್ಬರ ಕೆಲಸವನ್ನೂ ಒಬ್ಬಳೇ ಮಡಿಸಿ ಮುಗಿಸುತ್ತಿದ್ದಳು. ಮಧ್ಯಾಹ್ನವೇ ಅವಳನ್ನು ಹಿಂಬಾಗಿಲಿನಿಂದ ಮನೆಗೆ ಅಟ್ಟಿ, ಸೂಪರ್‌ವೈಸರ್ ಕೇಳಿದರೆ, “ಈಗ ತಾನೆ ಬಾತ್‌ರೂಮಿಗೆ ಹೋದ್ಳು ಸಾರ್, ಪಾಪ ಹೊಟ್ಟೆ ಸರಿಯಿಲ್ಲ,” ಎನ್ನುತ್ತಿದ್ದಳಂತೆ. ಲಾಂಡ್ರಿಯಲ್ಲಿ ಬಹಳ ದಿನ ಎಲ್ಲರೂ ಅವಳ ಹೊಟ್ಟೆ ಹೇಗಿದೆ ಎಂದು ವಿಚಾರಿಸುತ್ತಿದ್ದರು.

ಸಂಜೆ ಪಾಳಿ ಮುಗಿದು ಏಪ್ರನ್ ಬಿಚ್ಚುವಾಗ ರೇಡಿಯೊ ಅವಳ ತೋಳು ಹಿಡಿದು, ಒದ್ದೆ ಬಟ್ಟೆಯ ಗಾಡಿಗಳ ಹಿಂದೆ ಎಳೆದುಕೊಂಡು ಹೋದಳು. ಹಳೆಯ ದಿಂಬಿನ ಗಲೀಪಿನಲ್ಲಿ ಸುತ್ತಿದ ಒಂದು ಗಂಟನ್ನು ಅವಳ ಎದೆಗೆ ಒತ್ತಿದಳು.

“ಮನೆಗೆ ಹೋಗಿ ಬಿಚ್ಚು. ಇಲ್ಲಿ ಬೇಡ, ಹುಡುಗೀರು ನೋಡಿದ್ರೆ ತಮಗೂ ಬೇಕು ಅಂತಾರೆ.”

“ಏನಕ್ಕಾ ಇದು?”

“ಬಾಂಬು. ಹೋಗೇ.” ಆಮೇಲೆ ಸ್ವರ ತಗ್ಗಿಸಿ, “ಶುಕ್ರವಾರ ರಜಾ ಹಾಕಿದೀಯ ತಾನೆ? ಇಲ್ಲಿನ ಯೋಚನೆ ಮಾಡ್ಬೇಡ. ನಾನು ಚಿಲಕದ ಜೊತೆ ಮಡಿಸ್ಕೋತೀನಿ. ಈಚೆಗೆ ನಿನಗಿಂತ ಆ ಚಿಲಕವೇ ಜಾಸ್ತಿ ಮಾತಾಡುತ್ತೆ,” ಎಂದಳು. ನಗಲಿಲ್ಲ. ಗಾಡಿಯ ಮೇಲಿದ್ದ ಒಂದು ಒದ್ದೆ ಟವೆಲನ್ನು ಸುಮ್ಮನೆ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು. “ಮಗೂಗೆ ನನ್ನ ಆಶೀರ್ವಾದ ಹೇಳು.”

ಅವಳು ಬಾಯಿ ತೆರೆದಳು. ಆ ಹೊತ್ತಿಗೆ ಸರಿಯಾಗಿ ಒಗೆಯುವ ಯಂತ್ರವೊಂದು ಗಡಗಡ ಎಂದು ಶುರುವಾಯಿತು. ಅದನ್ನೇ ನೆಪಮಾಡಿಕೊಂಡು ತಲೆಯಾಡಿಸಿ ಹೊರಟುಬಂದಳು.

ಮನೆಯಲ್ಲಿ ಗಂಡ ಡೆಲಿವರಿ ವ್ಯಾನು ತೊಳೆದು ಒಳಗೆ ಬಂದು ಕಾಲು ಚಾಚಿ ಕೂತಿದ್ದ. ಮಗಳು ಮದುವೆ ಬಟ್ಟೆಯ ಸೊಂಟ ಹಿಡಿದು ನೋಡಲು ಕನ್ನಡಿಯ ಮುಂದೆ ನಿಂತಿದ್ದಳು. ತೋಳಿಲ್ಲದ ಬಟ್ಟೆ; ಹೀಟರಿಲ್ಲದ ಹಾಲ್‌ನಲ್ಲಿ ಇಡೀ ದಿನ ಹೇಗೆ ನಿಲ್ಲುತ್ತಾಳೋ ಎಂಬ ಯೋಚನೆ ಹೊಸದಲ್ಲ. ಅವಳು ಗಂಟು ಬಿಚ್ಚಿದಳು.

ಶಾಲು. ಕೆನೆಬಣ್ಣದ ಉಣ್ಣೆ, ಅಂಚಿಗೆಲ್ಲ ಸಣ್ಣ ಎಲೆಗಳ ಹೆಣಿಗೆ. ಮಗಳು ಕಿರುಚಿ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡಳು. ಎರಡು ತೋಳೂ ಮುಚ್ಚಿ ಮೊಣಕಾಲಿನವರೆಗೆ ಇಳಿಯಿತು. “ಅಮ್ಮಾ! ಎಷ್ಟು ಬೆಚ್ಚಗಿದೆ! ಬಟ್ಟೆಗೇ ಮಾಡಿಸಿದ ಹಾಗಿದೆ!”

ಅವಳು ಹತ್ತಿರ ಹೋಗಿ ಅಂಚನ್ನು ಹಿಡಿದು ನೋಡಿದಳು. ಅಂಗಡಿಯ ಹೊಸ ಉಣ್ಣೆ ನೆಟ್ಟಗೆ, ನಯವಾಗಿ ಇರುತ್ತದೆ. ಈ ಎಳೆಯಲ್ಲಿ ಅಲ್ಲಲ್ಲಿ ಸಣ್ಣ ಗುಂಗುರು ಉಳಿದಿತ್ತು. ಒಮ್ಮೆ ಹೆಣೆದು, ಬಿಚ್ಚಿ, ತೊಳೆದು, ಭಾರ ಕಟ್ಟಿ ಒಣಗಿಸಿದರೂ ಬಿಡದ ಗುಂಗುರು. ಮೂಗಿನ ಹತ್ತಿರ ಹಿಡಿದರೆ ಲಾಂಡ್ರಿಯ ಸೋಪಿನ ವಾಸನೆ. ಒಂದು ಮೂಲೆಯಲ್ಲಿ ಎಳೆ ತುಸು ಮಾಸಿತ್ತು. ಸುತ್ತಿ ಸುತ್ತಿ ಸವೆದ ತೋಳಿನ ಭಾಗ ಅದೇ ಇರಬೇಕು. ಮೈಗೆ ಹೊಸದು ಎಂದು ಕೊಂಡುತರಲು ರೇಡಿಯೊಗೂ ಆಗಿರಲಿಲ್ಲ. ಆದರೆ ಅವಳು ನೆಪ ಹೇಳಿರಲಿಲ್ಲ.

“ಯಾರು ಹೆಣೆದದ್ದು?” ಎಂದು ಗಂಡ ಕೇಳಿದ.

“ರೇಡಿಯೊ.”

“ಪಾಪ. ಆ ಹೆಂಗಸು ಒಳ್ಳೇದು,” ಎಂದು ಅವನು ಮತ್ತೆ ಕಾಲು ಒತ್ತಿಕೊಳ್ಳತೊಡಗಿದ.

ಮಗಳು ಕನ್ನಡಿಯೊಳಗಿನಿಂದಲೇ ಅವಳನ್ನು ನೋಡುತ್ತಿದ್ದಳು. ಮೊದಲಿನ ಉತ್ಸಾಹ ಇಳಿದಿತ್ತು. ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ, “ಅಮ್ಮ, ಅತ್ತೆಗೆ ಹೆಣಿಗೆ ಅಂದ್ರೆ ಪ್ರಾಣ. ಇದನ್ನ ನೋಡಿದ ಕೂಡ್ಲೇ ಯಾರು ಮಾಡಿದ್ದು ಅಂತ ಕೇಳೇ ಕೇಳ್ತಾರೆ,” ಎಂದಳು. “ಏನಂತ ಹೇಳ್ಲಿ?”

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವಳಿಗೆ ರೇಗಲಾದರೂ ಬರುತ್ತಿತ್ತು. “ಒಲೆ ಮೇಲೆ ಏನೋ ಇಟ್ಟಿದ್ದೆ,” ಎಂದು ಅಡುಗೆಮನೆಗೆ ಹೋದಳು.

ಒಲೆಯ ಮೇಲೆ ಏನೂ ಇರಲಿಲ್ಲ. ಕಿಟಕಿಯ ಗಾಜಿಗೆ ಹೊರಗಿನ ಚಳಿ ಮಂಜಾಗಿ ಕೂತಿತ್ತು. ಅವಳು ನೀರಿನ ಲೋಟ ಹಿಡಿದು ಕುಡಿಯದೆ ನಿಂತಳು. ಬೀಗಿತ್ತಿ ಕೈ ಬಿಡಿಸಿಕೊಳ್ಳುವುದು, ಹಾಲ್ ತುಂಬ ಆ ನಗು, ಎಲ್ಲವನ್ನೂ ಇನ್ನೊಮ್ಮೆ ಕಣ್ಣಮುಂದೆ ತಂದುಕೊಂಡಳು. ಮುಖ ಬಿಸಿಯಾಯಿತು. ಆದರೂ ಅದರಾಚೆಗೆ ಇನ್ನೊಂದು ಚಿತ್ರ ಕದಲದೆ ನಿಂತಿತ್ತು: ಶುಕ್ರವಾರ ಮಧ್ಯಾಹ್ನ, ಹಾಲ್‌ನಲ್ಲಿ ಜನ ಊಟಕ್ಕೆ ಕೂರುವ ಹೊತ್ತಿಗೆ, ನೆಲಮಾಳಿಗೆಯಲ್ಲಿ ಸ್ವೆಟರಿಲ್ಲದ ಒಬ್ಬ ಹೆಂಗಸು ಕಿಟಕಿಯ ಚಿಲಕಕ್ಕೆ ಶೀಟು ಸಿಕ್ಕಿಸುತ್ತಿದ್ದಾಳೆ.

ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಳೆಯ ಕಬ್ಬಿಣದ ಮಡಿಸುವ ಕುರ್ಚಿಯೊಂದಿತ್ತು. ಮೇಲಿನ ಡಬ್ಬಿ ತೆಗೆಯಲು ಹತ್ತಿ ನಿಲ್ಲುವುದಕ್ಕೆ ಬಿಟ್ಟರೆ ಇನ್ನಾವುದಕ್ಕೂ ಅದನ್ನು ಬಳಸುತ್ತಿರಲಿಲ್ಲ. ಅವಳು ಅದನ್ನು ಎಳೆದಳು. ಬಿಡಿಸಿದಾಗ ಮನೆಗೆಲ್ಲ ಕೇಳುವಂತೆ ಕಿರ್ ಎಂದಿತು.

“ಏನದು?” ಎಂದು ಗಂಡ ಅಲ್ಲಿಂದಲೇ ಕೇಳಿದ.

“ಕುರ್ಚಿ.”

“ಈಗ ಯಾರು ಬಂದ್ರು?”

“ಈಗ ಯಾರೂ ಇಲ್ಲ. ಹಾಲ್‌ನವನು ಕೊಡೋದು ಅರವತ್ತೇ ಅಲ್ವಾ?”

ಹೊಲಿಗೆ ಮೆಷಿನ್ನಿನ ಎಣ್ಣೆ ತಂದು ಕೀಲುಗಳಿಗೆ ಒಂದೊಂದೇ ತೊಟ್ಟು ಬಿಟ್ಟಳು. ತೆರೆದಳು, ಮಡಿಸಿದಳು, ಮತ್ತೆ ತೆರೆದಳು. ಸದ್ದು ಸಣ್ಣದಾಗುತ್ತಾ ಬಂದು ನಿಂತಿತು. ಒದ್ದೆ ಬಟ್ಟೆಯಿಂದ ಕೂರುವ ಜಾಗ, ಬೆನ್ನಿನ ಪಟ್ಟಿ, ಕಾಲುಗಳನ್ನು ಒರೆಸಿದಳು. ಬಣ್ಣ ಕಿತ್ತ ಕಡೆ ಬೆರಳಾಡಿಸಿ, ಬಟ್ಟೆಗೆ ಸಿಕ್ಕುವಂಥದ್ದು ಏನೂ ಇಲ್ಲವೆಂದು ನೋಡಿಕೊಂಡಳು. ಆಮೇಲೆ ಹೊರಬಾಗಿಲಿನ ಹತ್ತಿರ, ಶುಕ್ರವಾರ ವ್ಯಾನಿಗೆ ಹಾಕಲು ಕಟ್ಟಿಟ್ಟಿದ್ದ ಕಾಗದದ ಹೂವಿನ ಪೆಟ್ಟಿಗೆಗಳ ಪಕ್ಕದಲ್ಲಿ, ಗೋಡೆಗೆ ಒರಗಿಸಿ ಇಟ್ಟಳು.