ಹತ್ತೊಂಬತ್ತು ದಿನದ ಸೂರ್ಯ

ಬ್ಯಾನರಿನ ಎಡತುದಿಯ ದಾರ ಕಿಟಕಿಯ ಸರಳಿನವರೆಗೆ ಎಟುಕಲಿಲ್ಲ. ಕಟ್ಟುತ್ತಿದ್ದವನು ಅತ್ತಿತ್ತ ನೋಡಿ, ದಾರವನ್ನು ಹೆಣವಿದ್ದ ಟ್ರಾಲಿಯ ಹಿಡಿಗೆ ಸುತ್ತಿ ಗಂಟು ಹಾಕಿದ.

"ಏನಪ್ಪಾ ಮಾಡ್ತಿದ್ದೀಯ?" ಎಂದಳು ಅವಳು.

"ಫೋಟೋ ಆಗೋವರೆಗೆ ಅಷ್ಟೇ ಅಮ್ಮ. ಆಮೇಲೆ ಬಿಚ್ಚಿಬಿಡ್ತೀನಿ."

ಟ್ರಾಲಿಯ ಮೇಲೆ ಮಲಗಿದ್ದವರು ಅವಳ ಗಂಡ. ಬ್ಯಾನರಿನಲ್ಲಿ ಅವರದ್ದು ಅಂಚೆಚೀಟಿಯಷ್ಟು ಚಿತ್ರ. ಅದರ ಪಕ್ಕದಲ್ಲಿ ಆಕಾಶ ವೀಕ್ಷಕರ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಆಳುದ್ದ ನಿಂತು ಹಲ್ಲು ಬಿಟ್ಟಿದ್ದರು. ಗೊತ್ತಿಲ್ಲದವರು ನೋಡಿದರೆ ಡಾಕ್ಟರೇ ತೀರಿಕೊಂಡರು ಎಂದುಕೊಳ್ಳಬೇಕು. ಹಾಗೇ ಆಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ.

ವಿದ್ಯುತ್ ಚಿತಾಗಾರದ ಆ ಹಾಲಿನಲ್ಲಿ ಸಾಲು ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೊಂದು ಗಡಿಯಾರ, ಮೂಗಿಗೆ ಬಡಿಯುವ ಫಿನಾಯಿಲ್ ವಾಸನೆ. ಇವರ ಸರದಿ ನಾಲ್ಕನೆಯದು, ಹನ್ನೊಂದೂವರೆಗೆ. ಅಲ್ಲಿಯವರೆಗೆ ಬಂದವರ ಬಾಯಿ ಸುಮ್ಮನಿರಬೇಕಲ್ಲ.

"ಸಕ್ಕರೆ ಕಾಯಿಲೆ ಇತ್ತಾ?"

"ಇಲ್ಲಪ್ಪ, ಶ್ವಾಸಕೋಶ. ಕೊರೊನಾ ಬಂದಾಗ್ಲಿಂದ ಸರಿಹೋಗ್ಲೇ ಇಲ್ಲ ಮನುಷ್ಯ."

"ಒಳಗೆ ಹೋದ್ಮೇಲೆ ಎಷ್ಟೊತ್ತಾಗುತ್ತೆ? ನನ್ನ ಗಾಡಿ ಗೇಟಿಗೆ ಅಡ್ಡ ನಿಲ್ಸಿದ್ದೀನಿ."

ಕೇಳಿದವನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಹೆಣಕ್ಕೆ ಕೈ ಮುಗಿಯಲು ಬಗ್ಗಿದಾಗ ಅವನ ಅಂಗಿಯ ಮೇಲಿದ್ದ ಚೂರುಗಳು ಬಿಳಿ ಬಟ್ಟೆಯ ಮೇಲೆ ಉದುರಿದವು. ಅವಳು ಒಂದೊಂದನ್ನೇ ಬೆರಳಲ್ಲಿ ಆರಿಸಿ ತೆಗೆದಳು.

ಬಂದವರಲ್ಲಿ ನಿಜವಾಗಿ ಅತ್ತಿದ್ದವನೆಂದರೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬನೇ. ಅವನು ಸಂಘದ ಹಳೆಯ ದುರ್ಬೀನನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದ.

"ಅಕ್ಕಾ, ಅಂಗಳದಲ್ಲಿ ಒಳ್ಳೆ ಬಿಸಿಲಿದೆ. ಸಾರ್ ಹೋದ ದಿನಾನೇ ತಪ್ಪಿತು ಅಂತ ಆಗಬಾರ್ದು. ಇವತ್ತಿನದ್ದು ಬರೆದುಬಿಡೋಣ."

ಬರೆಯುವುದೆಂದರೆ ಸೂರ್ಯನನ್ನು. ಮೂವತ್ತೊಂದು ವರ್ಷದಿಂದ ಅವಳ ಗಂಡ ದಿನ ಬೆಳಿಗ್ಗೆ ಮಹಡಿಯ ಮೇಲೆ ದುರ್ಬೀನನ್ನು ಸೂರ್ಯನಿಗೆ ತಿರುಗಿಸಿ, ಹಿಂದೆ ಬಿಳಿ ಹಾಳೆ ಹಿಡಿದು, ಅದರ ಮೇಲೆ ಬಿದ್ದ ಬಿಂಬದಲ್ಲಿರುವ ಕಪ್ಪು ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತಿಸುತ್ತಿದ್ದರು. ಮೋಡವಿದ್ದರೆ ಖಾಲಿ ವೃತ್ತದೊಳಗೆ 'ಮೋಡ'. ಊರಲ್ಲಿಲ್ಲದ ದಿನ ಸಂಘದ ಇನ್ನೊಬ್ಬರ ಕೈ. ಯಾರೇ ಬರೆಯಲಿ, ಕೆಳಗೆ ಸಂಘದ ಕಾರ್ಯದರ್ಶಿಯಾದ ಗಂಡನ ಸಹಿ. ವರ್ಷ ಮುಗಿದಾಗ ಅವಳು, ವೃತ್ತಿಯಲ್ಲಿ ದರ್ಜಿಯಾದವಳು, ಹಾಳೆಗಳನ್ನು ದಪ್ಪ ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದಳು. ಅಂಥ ಒಂದು ಪುಸ್ತಕ, ಕೊರೊನಾ ವರ್ಷದ್ದು, ಈಗ ಅವಳ ತೊಡೆಯ ಮೇಲಿನ ಬ್ಯಾಗಿನಲ್ಲಿತ್ತು. ಹಲ್ಲಿನ ಡಾಕ್ಟರು ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ, ಛೇ ಛೇ ಎಂದು ಎರಡು ಸಲ ಲೊಚಗುಟ್ಟಿ, ಮೂರನೆಯ ಮಾತಿಗೇ ಅದನ್ನು ತರಲು ಹೇಳಿದ್ದರು.

ಅವರು ಈಗ ಬಂದರು. ಅವಳ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಮುಚ್ಚಿಕೊಂಡು, ಪುದಿನ ವಾಸನೆಯ ಬಾಯನ್ನು ಕಿವಿಯ ಹತ್ತಿರ ತಂದರು.

"ನಿಮ್ಮ ದುಃಖ ನಮ್ಮ ದುಃಖ ಅಮ್ಮ. ಪುಸ್ತಕ ತಂದ್ರಿ ತಾನೇ? ಮಿಕ್ಕ ಮೂವತ್ತೂ ಪ್ರೆಸ್ಸಿಗೆ ಹೋಗಿವೆ. ಇದೊಂದನ್ನ ಅವರು ಯಾಕೋ ಕೊಡ್ತಾನೇ ಇರ್ಲಿಲ್ಲ. 'ಒಂದು ದಿನವೂ ತಪ್ಪದ ಸೂರ್ಯ' ಅಂತ ದೊಡ್ಡ ಗ್ರಂಥ. ಮುನ್ನುಡಿ ನಂದೇ."

ಅವಳು ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡಳು.

*

ಲಾಕ್‌ಡೌನ್ ಬಂದಾಗ ಸಂಘಗಳೆಲ್ಲ ಬಾಗಿಲು ಹಾಕಿದವು. ಗಂಡ ಮಾತ್ರ ಫೋನಿನಲ್ಲೇ ಸಂಘ ನಡೆಸುತ್ತೇನೆ ಎಂದರು. ಕನ್ನಡಕದ ಗಾಜು ಅರೆಯುವ ಕೆಲಸದಲ್ಲಿ ಜೀವನ ಕಳೆದವರು; ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಆದರೂ ದಿನ ಬೆಳಿಗ್ಗೆ ಎಂಟಕ್ಕೆ ಮಹಡಿಯಿಂದ ಅವರ ಧ್ವನಿ ಕೆಳಗೆ ಮಾಸ್ಕ್ ಹೊಲಿಯುತ್ತಿದ್ದ ಅವಳಿಗೆ ಕೇಳುತ್ತಿತ್ತು.

"ಇವತ್ತು ಎರಡು ಗುಂಪು, ಒಟ್ಟು ಒಂಬತ್ತು ಕಲೆ. ಬರ್ಕೊಂಡ್ರಾ? ಈಗ ಹಾಜರಿ."

ನಲವತ್ತು ಜನರ ಹಾಜರಿ! ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಶಾಲೆ ಬಿಟ್ಟು ಐವತ್ತು ವರ್ಷವಾದವರೆಲ್ಲ "ಬಂದಿದ್ದೀನಿ ಸಾರ್" ಎನ್ನುತ್ತಿದ್ದರು. ಉತ್ತರ ಕೊಡದವರ ಮನೆಗೆ ಗಂಡ ಬೇರೆಯಾಗಿ ಫೋನ್ ಮಾಡುತ್ತಿದ್ದರು. ಒಂಟಿಯಾಗಿದ್ದ ಗಣಿತದ ಟೀಚರ್ ಜ್ವರದಲ್ಲಿ ಎಚ್ಚರ ತಪ್ಪಿದ್ದು ತಿಳಿದದ್ದು ಹಾಗೆಯೇ. ಆಂಬುಲೆನ್ಸ್ ಕಳಿಸಿದವರೂ ಇವರೇ. ಒಂದೇ ಕಿಟಕಿಯ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಕಂಡಕ್ಟರನಿಗೆ ರಟ್ಟಿನಲ್ಲಿ ಸೂಜಿತೂತು ಮಾಡಿಸಿ, ಗೋಡೆಯ ಮೇಲೆ ಬಟಾಣಿಯಷ್ಟು ಸೂರ್ಯನನ್ನು ಬೀಳಿಸಿಕೊಟ್ಟರು. "ಸಾರ್, ನನ್ನ ರೂಮಿಗೂ ಬಂದ!" ಎಂದು ಅವನು ಕೂಗಿದ್ದು ಬೀದಿಗೆಲ್ಲ ಕೇಳಿತ್ತು. ಆ ವರ್ಷ ಸಂಘದ ಏಳು ಜನ ಸತ್ತರು. ಅವರ ಹೆಸರನ್ನೂ ಹಾಜರಿಯಲ್ಲಿ ಕೂಗಿ, ಒಂದು ಉಸಿರಿನಷ್ಟು ನಿಂತು, ಗಂಡ ಮುಂದಕ್ಕೆ ಹೋಗುತ್ತಿದ್ದರು.

ಆ ಗಂಡನ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಆಮೇಲಿನ ಗಂಡನ ಬಗ್ಗೆ ಇರಲಿಲ್ಲ.

*

ಕೊನೆಗೆ ಅವರಿಗೂ ಕೊರೊನಾ ಬಂತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಅವಳು ಜ್ವರದಲ್ಲಿ ಮನೆಯ ಕೋಣೆಯೊಳಗೆ. ಮಹಡಿಯ ಮೆಟ್ಟಿಲು ಹತ್ತುವ ಶಕ್ತಿಯೂ ಇಲ್ಲ.

ಆಗ ಹಲ್ಲಿನ ಡಾಕ್ಟರು "ನಾನಿದ್ದೀನಿ" ಎಂದರು. ಅವರ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಹೊರದೇಶದ ದುರ್ಬೀನೊಂದು ಹೊದಿಕೆಯೊಳಗೆ ನಿಂತಿತ್ತು. ದಿನ ಬೆಳಿಗ್ಗೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವರ ಹಾಳೆಯ ಫೋಟೋ ಬರತೊಡಗಿತು. ಆಮ್ಲಜನಕದ ಮುಖವಾಡದೊಳಗಿಂದ ಗಂಡ ಕೇಳುತ್ತಿದ್ದದ್ದು ಒಂದೇ: "ಇವತ್ತಿನದ್ದು ಆಯ್ತಾ?" ಆಯ್ತು ಎಂದರೆ ಕಣ್ಣು ಮುಚ್ಚುತ್ತಿದ್ದರಂತೆ. ನರ್ಸ್ ಹೇಳಿದ್ದು.

ಗಂಡ ಮನೆಗೆ ಬಂದ ಮೇಲೆ ಡಾಕ್ಟರು ಹಾಳೆಗಳ ಕಟ್ಟನ್ನು ಕಳಿಸಿಕೊಟ್ಟರು. ಹೊಲಿಯಲು ದಿನಾಂಕದ ಪ್ರಕಾರ ಜೋಡಿಸುವಾಗ ಅವಳ ಕೈ ನಿಂತಿತು. ಗಂಡನ ಹಾಳೆಗಳಲ್ಲಿ ಕಲೆಗಳು ದಿನದಿಂದ ದಿನಕ್ಕೆ ಬಲದಿಂದ ಎಡಕ್ಕೆ ಸರಿಯುತ್ತವೆ. ಹಾಳೆಯ ಮೇಲೆ ಬೀಳುವ ಬಿಂಬ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿರುತ್ತದೆ. ಡಾಕ್ಟರ ಹತ್ತೊಂಬತ್ತು ದಿನವೂ ಅವು ಎಡದಿಂದ ಬಲಕ್ಕೆ ನಡೆದಿದ್ದವು. ನಲವತ್ತು ವರ್ಷ ಎಡತೋಳು ಬಲತೋಳು ಜೋಡಿಸಿದವಳ ಕಣ್ಣಿಗೆ ಇದು ತಪ್ಪುತ್ತದೆಯೇ?

"ರೀ, ಇವು ಯಾಕೆ ಹಿಂದಕ್ಕೆ ನಡೀತಿವೆ?"

ಗಂಡ ಹಾಳೆ ನೋಡಿದರು. ಒಂದು ನಿಮಿಷವೂ ಬೇಕಾಗಲಿಲ್ಲ.

"ಇಂಟರ್ನೆಟ್‌ನಲ್ಲಿ ಸಿಗೋ ಉಪಗ್ರಹದ ಫೋಟೋ ನೋಡಿ ನಕಲು ಮಾಡಿದಾರೆ. ಅದು ನೇರ ಇರುತ್ತೆ."

"ಹಾಗಾದ್ರೆ?"

ಅವರು ಕೆಮ್ಮಿದರು. ತುಂಬ ಹೊತ್ತು ಕೆಮ್ಮಿ ಪೆನ್ನು ಕೇಳಿದರು. "ಜನ ಸಾಯ್ತಿದ್ದಾರೆ ಕಣೇ. ಹತ್ತೊಂಬತ್ತು ದಿನಕ್ಕೋಸ್ಕರ ಸಂಘ ಒಡೆಯೋದು ಬೇಡ. ಬೆಳಿಗ್ಗೆ ಎಂಟಕ್ಕೆ ಅವರಿಗೆಲ್ಲ ಒಂದು ಧ್ವನಿ ಬೇಕು."

"ನೋಡದೇ ಇದ್ರೆ 'ನೋಡಿಲ್ಲ' ಅಂತ ಬರೀಬೇಕು ಅಂದೋರು ಯಾರು? ನೀವೇ ಅಲ್ವಾ?"

ಅವರು ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೊಂದಾಗಿ ಹತ್ತೊಂಬತ್ತು ಸಹಿ ಹಾಕಿದರು. ಅವಳು ಹೊಲಿದಳು. ಹೊಲಿಯುವಾಗ ಡಾಕ್ಟರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಅಸಹ್ಯ ಎದುರಿಗೆ ಕೂತು ಗಂಜಿ ಕುಡಿಯುತ್ತಿದ್ದ ಗಂಡನ ಮೇಲೆ ಬಂತು. ಆ ಪುಸ್ತಕವನ್ನು ಅವರು ಸಂಘದ ಬೀರುವಿಗೆ ಕಳಿಸಲೇ ಇಲ್ಲ. ಹಾಸಿಗೆಯ ಕೆಳಗೆ ಇಟ್ಟುಕೊಂಡರು.

*

"ಈ ಮಹಾನುಭಾವ ಸಾವಿನ ಜೊತೆ ಹೋರಾಡ್ತಿದ್ದಾಗ, ಹತ್ತೊಂಬತ್ತು ದಿನ ಪೆನ್ಸಿಲ್ ಹಿಡಿದದ್ದು ಈ ಕೈ!"

ಡಾಕ್ಟರು ಟ್ರಾಲಿಯ ತಲೆಯ ಹತ್ತಿರ ನಿಂತು ಕೈ ಎತ್ತಿ ತೋರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ, ಜಾಗ ನೆನಪಾಗಿ ನಿಲ್ಲಿಸಿದರು. ಅವಳು ಬ್ಯಾಗನ್ನು ಅವುಚಿಕೊಂಡಳು. ಪುಸ್ತಕ ಅಚ್ಚಾದರೆ ಇವತ್ತಲ್ಲ ನಾಳೆ ಯಾವನೋ ತಿಳಿದವನು ಹಿಂದಕ್ಕೆ ನಡೆಯುವ ಕಲೆಗಳನ್ನು ಹಿಡಿದೇ ಹಿಡಿಯುತ್ತಾನೆ. ಕೆಳಗೆ ಇರುವ ಸಹಿ ಯಾರದ್ದು? ಸುಳ್ಳುಗಾರ ಎಂದು ಕರೆಯುವುದು ಯಾರನ್ನು? ಡಾಕ್ಟರನ್ನಂತೂ ಅಲ್ಲ.

"ಇವತ್ತಿನ ಸೂರ್ಯನನ್ನೂ ನಾನೇ ಬರೀತೀನಿ. ಅದೇ ನನ್ನ ಶ್ರದ್ಧಾಂಜಲಿ," ಎಂದರು ಡಾಕ್ಟರು. "ಫೋಟೋದವರು ಬನ್ನಿ."

ಎಲ್ಲರೂ ಅಂಗಳಕ್ಕೆ ಹೊರಟರು. ಕಂಡಕ್ಟರ್ ಆಗಲೇ ದುರ್ಬೀನನ್ನು ಸೂರ್ಯನಿಗೆ ಸರಿಮಾಡಿ, ಹಿಂದೆ ಹಾಳೆಯ ರಟ್ಟನ್ನು ನಿಲ್ಲಿಸಿದ್ದ. ಹಾಳೆಯ ಮೇಲೆ ತಟ್ಟೆಯಷ್ಟು ಬೆಳಕು ಬಿದ್ದಿತ್ತು. "ನೀವು ಬಿಡಿ ಡಾಕ್ಟ್ರೇ, ನಾನು..." ಎಂದ.

"ಅವರೇ ಬರೀಲಿ ಬಿಡಪ್ಪ," ಎಂದಳು ಅವಳು.

ಡಾಕ್ಟರು ಫೋಟೋದವನ ಕಡೆ ಮುಖ ಮಾಡಿ ಪೆನ್ಸಿಲ್ ಹಿಡಿದರು. ಕೊಳವೆಯ ಮುಂದೆ ನೋಡಿದರು, ಹಿಂದೆ ನೋಡಿದರು. ಅಡ್ಡವಾಗಿದೆ ಎಂದು ರಟ್ಟನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಯ ಗಾಜಿಗೆ ಇಡಲು ಬಗ್ಗಿದರು.

ಅವಳು ಹಿಂದಿನಿಂದ ಕೊರಳಪಟ್ಟಿಗೆ ಕೈ ಹಾಕಿ ಎಳೆದಳು. ಡಾಕ್ಟರು ಹಿಂದಕ್ಕೆ ಮುಗ್ಗರಿಸಿ ನೆಲಕ್ಕೆ ಕೂತರು.

"ಏನಮ್ಮಾ ಇದು!"

ಕಂಡಕ್ಟರ್ ನೆಲದಿಂದ ಒಂದು ಒಣಗಿದ ಎಲೆ ಎತ್ತಿ, ಅವರು ಕಣ್ಣಿಡಲು ಹೊರಟಿದ್ದ ಜಾಗದಲ್ಲಿ ಹಿಡಿದ. ಐದು ಎಣಿಸುವಷ್ಟರಲ್ಲಿ ಎಲೆಯಲ್ಲಿ ತೂತು ಬಿದ್ದು ಹೊಗೆ ಎದ್ದಿತು. ಸಂಘಕ್ಕೆ ಸೇರಿದ ಯಾರಿಗೇ ಆಗಲಿ ಮೊದಲ ದಿನ ಕಲಿಸುವ ಪಾಠ ಅದು. ಹತ್ತು ವರ್ಷ ಅಧ್ಯಕ್ಷರಾಗಿದ್ದವರು ಬಾಯಿ ತೆರೆದು ನೋಡುತ್ತಿದ್ದರು.

"ಹತ್ತೊಂಬತ್ತು ದಿನ ಹೀಗೇ ನೋಡಿದ್ರಾ ಡಾಕ್ಟ್ರೇ?" ಎಂದಳು ಅವಳು. "ಹಾಗಿದ್ರೆ ಈಗ ನಿಮಗೆ ಕಣ್ಣಿರಬಾರ್ದಾಗಿತ್ತು."

ಬಿಸ್ಕತ್ತಿನವನು, "ಪಾಪ, ದುಃಖದಲ್ಲಿ ಮರೆತಿದ್ದಾರೆ," ಎಂದ. ಇನ್ನೊಬ್ಬರು, "ಇವತ್ತು ಬೇಡ ಬಿಡಿ ಅಮ್ಮ, ಎಲ್ಲ ಮುಗೀಲಿ," ಎಂದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರಿಗೂ ಆಶ್ಚರ್ಯವಾಗಿರಲಿಲ್ಲ.

"ನಿಮಗೆ ಗೊತ್ತಿತ್ತಾ?" ಎಂದು ಗಣಿತದ ಟೀಚರನ್ನು ಕೇಳಿದಳು.

ಟೀಚರ್ ತಲೆ ತಗ್ಗಿಸಿದಳು. "ಎರಡನೇ ದಿನಾನೇ ಗೊತ್ತಾಯ್ತು ಅಮ್ಮ. ಎಲ್ಲರಿಗೂ ಗೊತ್ತು. ಸಾರೇ ಒಪ್ಕೊಂಡ್ಮೇಲೆ ನಾವೇನು ಅನ್ನೋದು ಅಂತ..."

ಅಂದರೆ ಮೂವತ್ತು ಚಿಲ್ಲರೆ ಜನ ದಿನ ಬೆಳಿಗ್ಗೆ ಎಂಟಕ್ಕೆ "ಬಂದಿದ್ದೀನಿ ಸಾರ್" ಎನ್ನುತ್ತ, ಒಬ್ಬರಿಗಾಗಿ ಒಬ್ಬರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಗಂಡನ ಮರ್ಯಾದೆಗಾಗಿ ಇವರು, ಇವರ ಜೀವಕ್ಕಾಗಿ ಗಂಡ. ಎಂಥ ಒಳ್ಳೆಯ ಜನ! ಅವಳಿಗೆ ಆ ಒಳ್ಳೆಯತನದ ಮೇಲೆಲ್ಲ ಉಗಿಯಬೇಕೆನ್ನಿಸಿತು.

ಮೆಟ್ಟಿಲ ಮೇಲೆ ಕೂತು ಪುಸ್ತಕ ತೆಗೆದಳು. ಬ್ಯಾಗಿನ ತಳದಿಂದ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ ಹುಡುಕಿ, ಬೆನ್ನಿನ ದಾರವನ್ನು ಒಂದೊಂದೇ ಗಂಟಾಗಿ ಕತ್ತರಿಸತೊಡಗಿದಳು.

"ಅಮ್ಮಾ, ದಾಖಲೆ ಹೋಗುತ್ತೆ!" ಡಾಕ್ಟರು ಎದ್ದು ಬಂದರು. "ಮೂವತ್ತೊಂದು ವರ್ಷ ಒಂದು ದಿನವೂ ತಪ್ಪಿಲ್ಲ ಅನ್ನೋದೇ ಅವರ ಹೆಸರು!"

"ತಪ್ಪಿದೆ," ಎಂದಳು ಅವಳು. "ಹತ್ತೊಂಬತ್ತು ದಿನ ತಪ್ಪಿದೆ. ಅವರಿಗೆ ಉಸಿರಾಡಕ್ಕೆ ಆಗ್ತಿರ್ಲಿಲ್ಲ. ಅದಕ್ಕೆ ತಪ್ಪಿದೆ."

ಹತ್ತೊಂಬತ್ತು ಹಾಳೆ ಎಣಿಸಿ ತೆಗೆದಳು. ಪ್ರತಿಯೊಂದರ ಕೆಳಗೂ ಇದ್ದ ನಡುಗುವ ಸಹಿಯನ್ನು ಅಡ್ಡಪಟ್ಟಿಯಾಗಿ ಕತ್ತರಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಉಳಿದದ್ದನ್ನು ಡಾಕ್ಟರ ಕೈಗೆ ಕೊಟ್ಟಳು.

"ಇವು ನಿಮ್ಮವು. ಅಚ್ಚು ಹಾಕಿಸ್ಕೊಳ್ಳಿ."

ದಾರವಿಲ್ಲದ ಪುಸ್ತಕ ಟೀಚರ ತೋಳಿಗೆ ಹೋಯಿತು. ಆ ದಿನಗಳಿಗೆ 'ನೋಡಿಲ್ಲ' ಎಂದು ಬರೆಯಬೇಕೆಂದು ಟೀಚರಿಗೆ ಗೊತ್ತಿತ್ತು. ಪರ್ಸಿನಿಂದ ಪೆನ್ನು ತೆಗೆದುಕೊಂಡಳು.

"ನಾಲ್ಕನೇ ನಂಬರ್!" ಎಂದು ಒಳಗಿನಿಂದ ಕೂಗಿದರು.

"ಎರಡೇ ನಿಮಿಷ!" ಎಂದು ಕಂಡಕ್ಟರ್ ಅವರಿಗಿಂತ ಜೋರಾಗಿ ಕೂಗಿ, ರಟ್ಟನ್ನು ಮತ್ತೆ ನಿಲ್ಲಿಸಿ, ಮೂಗು ಒರೆಸಿಕೊಳ್ಳುತ್ತ ವೃತ್ತದೊಳಗೆ ಒಂದು ಸಣ್ಣ ಕಲೆ ಗುರುತಿಸಿದ. ಒಂದೇ ಕಲೆಯಿತ್ತು. ಸಹಿಯ ಜಾಗ ಖಾಲಿ ಉಳಿಯಿತು.

ಟ್ರಾಲಿಗೆ ಕಟ್ಟಿದ್ದ ದಾರವನ್ನು ಅವಳೇ ಕಿತ್ತೆಸೆದಳು. ಗಂಡನ ಮುಖದ ಹತ್ತಿರ ಬಗ್ಗಿ, "ಕಿತ್ತುಹಾಕಿದೆ ರೀ. ಬೈಯೋದಿದ್ರೆ ಬೈರಿ," ಎಂದಳು. ಕಣ್ಣಿಗೆ ನೀರು ಬಂದದ್ದು ಆಗಲೇ. ಎಷ್ಟು ಕೋಪವಿತ್ತೋ ಅಷ್ಟೂ ನೀರು ಬಂತು. ಕಬ್ಬಿಣದ ಬಾಗಿಲು ತೆರೆದು, ಟ್ರಾಲಿ ಒಳಗೆ ಹೋಗಿ, ಮತ್ತೆ ಮುಚ್ಚಿತು.

ಹೊರಗೆ ಬಂದಾಗ ಅಂಗಳ ಕಾದಿತ್ತು. ಜನ ಗೋಡೆಯ ನೆರಳಿಗೆ ಸರಿದು ನಿಂತಿದ್ದರು. ಹಲ್ಲಿನ ಡಾಕ್ಟರ ಕಾರು ದೂರದ ಗೇಟಿನ ಆಚೆ ಇತ್ತು. ಅಲ್ಲಿಯವರೆಗೆ ನೆರಳಿಲ್ಲ. ಅವರು ಒಂದು ಸಲ ಮೇಲೆ ನೋಡಿ, ಕಣ್ಣು ಕಿರಿದು ಮಾಡಿಕೊಂಡು, ಹತ್ತೊಂಬತ್ತು ಹಾಳೆಗಳನ್ನು ಬೋಳುತಲೆಯ ಮೇಲೆ ಹಿಡಿದುಕೊಂಡು ಬಿಸಿಲಿಗಿಳಿದರು.